ಪ್ಯಾರಾಲೀಗಲ್ ಆಗೋಕೆ ಯಾವ ಡಿಗ್ರಿ ಓದಲಿ?

ಪ್ರಶ್ನೆ: ನನಗೆ 29 ವರ್ಷ. ವಿರಾಜಪೇಟೆಯಲ್ಲಿ ಕೋರ್ಟಿಗೆ ಹತ್ತಿರದ ಒಂದು ಟೈಪಿಂಗ್, ಜೆರಾಕ್ಸ್ ಅಂಗಡಿಯಲ್ಲಿ ಏಳು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಪಿಯುಸಿ ಕಾಮರ್ಸ್ ಮುಗಿಸಿದ್ದೆ, 58 ಪರ್ಸೆಂಟ್ ಬಂದಿತ್ತು. ಮದುವೆಯಾದ ಮೇಲೆ ಓದು ನಿಂತುಹೋಯಿತು. ಅಫಿಡವಿಟ್, ಬಾಡಿಗೆ ಕರಾರು, ವಕೀಲರು ಬರೆದುಕೊಟ್ಟ ದಾವೆ, ತಕರಾರು ಎಲ್ಲ ಟೈಪ್ ಮಾಡುತ್ತೇನೆ. ಅಮೆರಿಕದಲ್ಲಿರುವ ನಾದಿನಿ ‘ಇಲ್ಲಿ ಪ್ಯಾರಾಲೀಗಲ್ ಅಂತ ಕಾಲೇಜಿನಲ್ಲೇ ಓದ್ತಾರೆ, ನಿನಗೆ ಸರಿಯಾಗಿ ಹೊಂದುತ್ತೆ’ ಅಂದಳು. ಫೋನಿನಲ್ಲಿ ಹುಡುಕಿದಾಗ ಒಂದು ಜಾಹೀರಾತು ಬಂತು: ಆರು ತಿಂಗಳ ಆನ್‌ಲೈನ್ ಕೋರ್ಸ್, 48 ಸಾವಿರ ಫೀಸು, ಬಾರ್ ಕೌನ್ಸಿಲ್ ಮಾನ್ಯತೆ, ಕೆಲಸ ಗ್ಯಾರಂಟಿ. ಸೇರಲಾ? ಇಲ್ಲ, ಡಿಗ್ರಿ ಮಾಡಲಾ? ಎಲ್‌ಎಲ್‌ಬಿಯೇ ಬೇಕಾ? ಕಾನೂನು ಅರಿವು ಕ್ಯಾಂಪಿನಲ್ಲಿ ‘ಪ್ಯಾರಾಲೀಗಲ್ ವಾಲಂಟಿಯರ್’ ಅಂತ ಕೆಲವರನ್ನು ಪರಿಚಯ ಮಾಡಿಸಿದರು. ಅದೂ ಇದೂ ಒಂದೇನಾ ಮೇಡಂ?
– ಹೆಸರು ಬೇಡ, ವಿರಾಜಪೇಟೆ

ಉತ್ತರ: ಮೊದಲು ಆ 48 ಸಾವಿರವನ್ನು ಪೋಸ್ಟ್ ಆಫೀಸಿನಲ್ಲಿ ಇಡಿ. ಉಳಿದದ್ದು ಆಮೇಲೆ ಮಾತಾಡೋಣ.

ಜಾಹೀರಾತಿನಲ್ಲಿ ಬಾರ್ ಕೌನ್ಸಿಲ್ ಮಾನ್ಯತೆ ಅಂತ ಇದೆ ಅಂದಿರಲ್ಲ, ಅಷ್ಟೇ ಸಾಕು ಅದನ್ನು ಪಕ್ಕಕ್ಕಿಡೋಕೆ. ಬಾರ್ ಕೌನ್ಸಿಲ್ ಆಫ್ ಇಂಡಿಯಾ ನೋಡಿಕೊಳ್ಳುವುದು ವಕೀಲರಾಗುವವರ ಕಾನೂನು ಪದವಿಯನ್ನು, ಅಂದರೆ ಮೂರು ವರ್ಷದ ಮತ್ತು ಐದು ವರ್ಷದ ಎಲ್‌ಎಲ್‌ಬಿಯನ್ನು. ಪ್ಯಾರಾಲೀಗಲ್ ಅಂತ ಯಾರಿಗೂ ಅದು ಲೈಸೆನ್ಸ್ ಕೊಡುವುದಿಲ್ಲ. ಆ ಕೋರ್ಸಿನವರು ಫೋನ್ ಮಾಡಿದರೆ ಇನ್ನೊಂದು ಪ್ರಶ್ನೆ ಕೇಳಿ ನೋಡಿ: ‘ನಿಮ್ಮ ಸಿಲಬಸ್‌ನಲ್ಲಿ ಯಾವ ಕ್ರಿಮಿನಲ್ ಕಾನೂನು ಇದೆ?’ ಇನ್ನೂ ಐಪಿಸಿ, ಸಿಆರ್‌ಪಿಸಿ ಮಾತ್ರ ಹೇಳಿದರೆ ಅದು ಹಳೇ ಸರಕು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ, ನಾಗರಿಕ ಸುರಕ್ಷಾ ಸಂಹಿತೆ, ಸಾಕ್ಷ್ಯ ಅಧಿನಿಯಮ ಜಾರಿಯಲ್ಲಿವೆ. ಎಲ್ಲರ ಬಾಯಲ್ಲಿದ್ದ ವಂಚನೆಯ ಸೆಕ್ಷನ್ 420 ಈಗ 318. ಕೊಲೆಯ 302 ಈಗ 103. ಹೆಂಡತಿ ಮಕ್ಕಳು ಜೀವನಾಂಶ ಕೇಳುವ 125 ಈಗ 144. ಆ ತಾರೀಕಿಗಿಂತ ಮುಂಚೆ ನಡೆದ ಅಪರಾಧಕ್ಕೆ ಹಳೇ ಐಪಿಸಿಯೇ ಅನ್ವಯ. ಹಾಗಾಗಿ ಈ ಕೆಲಸದಲ್ಲಿರುವವರಿಗೆ ಎರಡೂ ಗೊತ್ತಿರಬೇಕು. ನೀವು ಟೈಪ್ ಮಾಡುವಾಗ ಇದು ಕಣ್ಣಿಗೆ ಬಿದ್ದಿರುತ್ತೆ, ಅಲ್ವಾ?

ನಿಮ್ಮ ನಾದಿನಿ ಹೇಳಿದ್ದು ಸುಳ್ಳಲ್ಲ. ಅದು ಆ ದೇಶದ ಮಾತು. ಅಮೆರಿಕದಲ್ಲಿ ಪ್ಯಾರಾಲೀಗಲ್ ಅನ್ನುವುದು ಗುರುತಿಸಿದ ಒಂದು ಉದ್ಯೋಗ. ಎರಡು ವರ್ಷದ ಅಸೋಸಿಯೇಟ್ ಡಿಗ್ರಿ ಇದೆ, ನಾಲ್ಕು ವರ್ಷದ್ದೂ ಇದೆ. ಅಮೆರಿಕನ್ ಬಾರ್ ಅಸೋಸಿಯೇಷನ್ ಕೆಲವು ಕಾಲೇಜುಗಳ ಪ್ಯಾರಾಲೀಗಲ್ ಕೋರ್ಸಿಗೆ ಒಪ್ಪಿಗೆ ಕೊಡುತ್ತದೆ. ಒಪ್ಪಿಗೆ ಕೋರ್ಸಿಗೆ, ಓದಿದ ವ್ಯಕ್ತಿಗಲ್ಲ. ಅಲ್ಲಿಯೂ ಪ್ಯಾರಾಲೀಗಲ್ ಕೆಲಸ ಮಾಡುವುದು ವಕೀಲರ ಕೈಕೆಳಗೆ. ನಮ್ಮಲ್ಲಿ ಆ ಹೆಸರಿನ ಡಿಗ್ರಿಯನ್ನು ಕಡ್ಡಾಯ ಮಾಡಿದ ಕಾನೂನು ಇಲ್ಲ. ಕೆಲಸ ಮಾತ್ರ ನೂರು ವರ್ಷಕ್ಕಿಂತ ಹಳೆಯದು. ಅದಕ್ಕೆ ನಾವು ಇಟ್ಟ ಹೆಸರು ವಕೀಲರ ಗುಮಾಸ್ತ.

ಇಲ್ಲೇ ನಿಮಗೆ ಗೊಂದಲ ಆಗಿರುವುದು. ಪ್ಯಾರಾಲೀಗಲ್ ಅನ್ನುವ ಒಂದೇ ಪದವನ್ನು ನಮ್ಮಲ್ಲಿ ಮೂರು ಬೇರೆ ಬೇರೆ ಕೆಲಸಕ್ಕೆ ಬಳಸುತ್ತಾರೆ. ವಕೀಲರ ಆಫೀಸಿನಲ್ಲಿ ಫೈಲು ನೋಡಿಕೊಳ್ಳುವವರು ಒಂದು. ಕಾನೂನು ಸೇವಾ ಪ್ರಾಧಿಕಾರದ ಸ್ವಯಂಸೇವಕರು ಇನ್ನೊಂದು. ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕೂತು ಹೊರದೇಶದ ಕಂಪನಿಗಳ ಕರಾರು ಪತ್ರ ಓದಿ ವಿಂಗಡಿಸುವವರು ಮತ್ತೊಂದು. ಮೂರನೆಯದನ್ನು ಬೇಗ ಮುಗಿಸಿಬಿಡುತ್ತೇನೆ: ಅದಕ್ಕೆ ಇಂಗ್ಲಿಷ್ ಚೆನ್ನಾಗಿರಬೇಕು, ಸಾಮಾನ್ಯವಾಗಿ ಎಲ್‌ಎಲ್‌ಬಿ ಆದವರನ್ನೇ ತೆಗೆದುಕೊಳ್ಳುತ್ತಾರೆ, ಮನೆ ಬಿಟ್ಟು ಹೋಗಬೇಕು. ಸದ್ಯಕ್ಕೆ ನಿಮ್ಮ ದಾರಿ ಅದಲ್ಲ.

ಸ್ವಯಂಸೇವಕರ ವಿಷಯ ಬೇರೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಅಂತ ಒಂದಿದೆ, 1995ರ ನವೆಂಬರ್ 9ರಂದು ಜಾರಿಗೆ ಬಂತು. ಅದರ ಅಡಿಯಲ್ಲಿ ಜಿಲ್ಲೆಗೊಂದು ಪ್ರಾಧಿಕಾರ, ತಾಲೂಕಿಗೊಂದು ಸಮಿತಿ. ನಮ್ಮ ಜಿಲ್ಲಾ ಪ್ರಾಧಿಕಾರಕ್ಕೆ ಮಡಿಕೇರಿಯ ಜಿಲ್ಲಾ ನ್ಯಾಯಾಧೀಶರೇ ಅಧ್ಯಕ್ಷರು. ಜನರಿಗೂ ಈ ಕಚೇರಿಗೂ ನಡುವೆ ಸೇತುವೆ ಇರಲಿ ಅಂತ 2009ರಲ್ಲಿ ರಾಷ್ಟ್ರೀಯ ಪ್ರಾಧಿಕಾರ ಪ್ಯಾರಾಲೀಗಲ್ ವಾಲಂಟಿಯರ್ ಯೋಜನೆ ತಂದಿತು. ಇದಕ್ಕೆ ಡಿಗ್ರಿ ಬೇಕಿಲ್ಲ. ಎಸ್‌ಎಸ್‌ಎಲ್‌ಸಿ ಆಗಿ, ಜನರ ಜೊತೆ ಬೆರೆಯುವ ಮನಸ್ಸಿದ್ದರೆ ಸಾಕು. ತರಬೇತಿ ಅವರೇ ಕೊಡುತ್ತಾರೆ, ಗುರುತಿನ ಚೀಟಿ ಕೊಡುತ್ತಾರೆ. ಸಂಬಳ ಇಲ್ಲ. ಕೆಲಸಕ್ಕೆ ಕರೆದ ದಿನದ ಗೌರವಧನ ಮಾತ್ರ. ಮನೆ ನಡೆಸಲು ಇದನ್ನೇ ನಂಬಬೇಡಿ. ಆದರೆ ಕಲಿಯೋಕೆ ಇದಕ್ಕಿಂತ ಒಳ್ಳೆ ಶಾಲೆ ಇಲ್ಲ, ಅದೂ ಬಿಟ್ಟಿ.

ಯಾಕೆ ಅಂತ ಒಂದು ಘಟನೆ ಹೇಳುತ್ತೇನೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದಾಗ ಮಕ್ಕಂದೂರು ಕಡೆಯ ಒಬ್ಬ ಅಜ್ಜಿ ಪರಿಹಾರ ಕೇಂದ್ರದಲ್ಲಿದ್ದರು. ಮನೆ ಹೋಗಿತ್ತು, ಕಬ್ಬಿಣದ ಪೆಟ್ಟಿಗೆ ಹೋಗಿತ್ತು, ಪೆಟ್ಟಿಗೆಯಲ್ಲಿದ್ದ ಕಾಗದವೆಲ್ಲ ಮಣ್ಣಿನ ಕೆಳಗೆ. ‘ಪತ್ರವೇ ಇಲ್ಲ ಅಂದಮೇಲೆ ಜಾಗ ನನ್ನದು ಅಂತ ಯಾರು ಒಪ್ಪುತ್ತಾರೆ’ ಅಂತ ಅಳುತ್ತಿದ್ದರು. ನಮ್ಮಂಥ ವಕೀಲರು ಮೂರ್ನಾಲ್ಕು ಜನ ಹೋಗಿ ಪರಿಹಾರದ ಕಾನೂನು ವಿವರಿಸಿದೆವು. ಅಜ್ಜಿಯ ಕಿವಿಗೆ ಅದು ಹೋಗಲೇ ಇಲ್ಲ. ಜೊತೆಗೆ ಬಂದಿದ್ದ ವಾಲಂಟಿಯರ್ ಹುಡುಗಿ ಪಕ್ಕದಲ್ಲಿ ಕೂತು, ಅರೆಭಾಷೆಯಲ್ಲಿ ಕೇಳಿದಳು: ಜಾಗ ಯಾರಿಂದ ಬಂತು, ರಿಜಿಸ್ಟರ್ ಆಗಿತ್ತಾ, ಸುಮಾರು ಯಾವ ವರ್ಷ, ಸೊಸೈಟಿಯಲ್ಲಿ ಸಾಲ ಇತ್ತಾ. ಆಮೇಲೆ ಹೇಳಿದಳು: ‘ಪತ್ರ ಹೋಗಿದೆ, ಜಾಗದ ದಾಖಲೆ ಹೋಗಿಲ್ಲ. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಅದರ ನಕಲು ಇದೆ. ಪಹಣಿ ಕಂಪ್ಯೂಟರಿನಲ್ಲಿದೆ. ಸಾಲ ಕೊಡುವಾಗ ಸೊಸೈಟಿಯವರು ಜೆರಾಕ್ಸ್ ಇಟ್ಟುಕೊಂಡಿರುತ್ತಾರೆ.’ ಮೂರು ಕಡೆ ಅರ್ಜಿ ಅವಳೇ ಬರೆದಳು. ನಾನು ಸುಮ್ನೆ ನಿಂತು ನೋಡಿದೆ. ಅವಳು ಓದಿದ್ದು ಪಿಯುಸಿ.

ಅಂದಹಾಗೆ ಆ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಸೆಕ್ಷನ್ ಓದಿಟ್ಟುಕೊಳ್ಳಿ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಜೈಲಿನಲ್ಲಿರುವವರು, ಪ್ರವಾಹದಂಥ ಅನಾಹುತಕ್ಕೆ ಸಿಕ್ಕವರು, ಇವರಿಗೆಲ್ಲ ವಕೀಲರ ನೆರವು ಉಚಿತ. ಹೆಂಗಸರಿಗೆ ಆದಾಯದ ಮಿತಿಯೂ ಇಲ್ಲ. ನಿಮ್ಮ ಅಂಗಡಿಗೆ ದಿನಾ ಬರುವವರಲ್ಲಿ ಅರ್ಧ ಜನಕ್ಕೆ ಇದು ಗೊತ್ತಿಲ್ಲ. 15100 ಅನ್ನುವ ಸಹಾಯವಾಣಿ ನಂಬರನ್ನು ಜೆರಾಕ್ಸ್ ಮೆಷಿನ್ ಮೇಲೆ ಅಂಟಿಸಿ.

ಈಗ ಮುಖ್ಯ ವಿಷಯ: ವಕೀಲರ ಆಫೀಸಿನ ಪ್ಯಾರಾಲೀಗಲ್. ನಿಮ್ಮ ಮನಸ್ಸಿನಲ್ಲಿರುವುದು ಇದೇ ಅಂತ ನನಗನಿಸುತ್ತದೆ. ಈ ಕೆಲಸ ಗೊತ್ತಿರುವವರು ನಮ್ಮ ಜಿಲ್ಲೆಯಲ್ಲಿ ಕಮ್ಮಿ. ಟೈಪ್ ಮಾಡುವವರು ಬೇಕಾದಷ್ಟು ಸಿಗುತ್ತಾರೆ, ಫೈಲು ಓದುವವರು ಸಿಗುವುದಿಲ್ಲ.

ಫೈಲು ಓದುವುದು ಅಂದರೆ ಏನು? ಒಂದು ಪಹಣಿಯನ್ನೇ ತಗೊಳ್ಳಿ. ನೀವು ದಿನಕ್ಕೆ ಹತ್ತು ಪಹಣಿ ಪ್ರಿಂಟ್ ತೆಗೆದುಕೊಡುತ್ತೀರಿ. ನಾಳೆಯಿಂದ ಕೊಡುವ ಮುಂಚೆ ಅರ್ಧ ನಿಮಿಷ ನೋಡಿ. 9ನೇ ಕಾಲಂನಲ್ಲಿ ಯಾರ ಹೆಸರಿದೆ? 10ರಲ್ಲಿ ಅದು ಹೇಗೆ ಬಂತು, ಮ್ಯುಟೇಶನ್ (ಖಾತೆ ಬದಲಾವಣೆ) ನಂಬರ್ ಎಷ್ಟು? 11ರಲ್ಲಿ ಬ್ಯಾಂಕಿನ ಸಾಲವೋ ಕೋರ್ಟಿನ ತಡೆಯೋ ಇದೆಯಾ? 12ರಲ್ಲಿ ಸಾಗುವಳಿ ಯಾರದ್ದು? ಬೇರೆ ಜಿಲ್ಲೆಯಲ್ಲಾದರೆ ಇಷ್ಟಕ್ಕೆ ಅರ್ಧ ಕಥೆ ಗೊತ್ತಾಗುತ್ತದೆ. ಕೊಡಗಿನಲ್ಲಿ ಆಗುವುದಿಲ್ಲ. ಇಲ್ಲಿ ತಲೆಮಾರಿನಿಂದ ಬಂದ ಜಮ್ಮಾ ಬಾಣೆ (ಗದ್ದೆಗೆ ಸೇರಿದ ಗುಡ್ಡದ ಜಾಗ) ಇದೆ, ಪೂರ್ತಿ ಕಂದಾಯ ಕಟ್ಟುವ ಸಾಗು ಇದೆ, ಸರ್ಕಾರಿ ಪೈಸಾರಿ ಇದೆ. ಜಮ್ಮಾ ಜಾಗ ಒಕ್ಕದ (ಒಂದೇ ಮನೆತನದ ಕುಟುಂಬಗಳ) ಹಿರಿಯ ಒಬ್ಬ ಪಟ್ಟೇದಾರನ ಹೆಸರಿನಲ್ಲಿ ಕೂತಿರುತ್ತದೆ. ಆತ ತೀರಿಕೊಂಡು ನಲವತ್ತು ವರ್ಷ ಆಗಿರುತ್ತದೆ. ಅವನ ಅಣ್ಣತಮ್ಮಂದಿರ ಮೊಮ್ಮಕ್ಕಳು ಬಾಯಿಮಾತಿನ ಪಾಲಿನಲ್ಲಿ ಕಾಫಿ ಮಾಡಿಕೊಂಡಿರುತ್ತಾರೆ. ಯಾರಿಗಾದರೂ ಬ್ಯಾಂಕ್ ಸಾಲ ಬೇಕಾದಾಗ, ಮಾರಬೇಕಾದಾಗ ಎಲ್ಲ ಎದ್ದು ಕೂರುತ್ತದೆ. ಈ ವ್ಯವಸ್ಥೆಯ ಬೇರು ಹಳೆಯದು. ಬ್ರಿಟಿಷರ ಕಾಲದ 1899ರ ಕೊಡಗು ಭೂಕಂದಾಯ ರೆಗ್ಯುಲೇಶನ್ ಇದನ್ನು ಬರಹಕ್ಕೆ ಇಳಿಸಿತು. 1956ರಲ್ಲಿ ಕೊಡಗು ಮೈಸೂರು ರಾಜ್ಯಕ್ಕೆ ಸೇರಿತು, 1964ರ ಭೂಕಂದಾಯ ಕಾಯ್ದೆ ಬಂತು. ಹಳೇ ಹೆಸರುಗಳು ದಾಖಲೆಯಲ್ಲಿ ಹಾಗೇ ಉಳಿದವು.

ಇದನ್ನು ಯಾವ ಆನ್‌ಲೈನ್ ಕೋರ್ಸೂ ಹೇಳಿಕೊಡುವುದಿಲ್ಲ. ದೆಹಲಿಯಲ್ಲಿ ಕೂತು ಪಾಠ ಮಾಡುವವರಿಗೆ ಬಾಣೆ ಅಂದರೆ ಏನು ಗೊತ್ತು? ನಿಮಗೆ ಗೊತ್ತು. ಒಕ್ಕ ಅಂದರೆ ಯಾರ್‍ಯಾರು, ಐನ್‌ಮನೆ (ಒಕ್ಕದ ಮೂಲಮನೆ) ಯಾರ ಸುಪರ್ದಿಯಲ್ಲಿರುತ್ತದೆ ಅಂತ ಕೇಳಿ ಬೆಳೆದವರು ನೀವು. ವಂಶವೃಕ್ಷ ಬರೆಯಲು ಕೂತಾಗ ‘ಚಿಕ್ಕಜ್ಜನಿಗೆ ಮಕ್ಕಳಿರಲಿಲ್ಲ’ ಅಂದವರನ್ನು ‘ಹೆಣ್ಣುಮಕ್ಕಳೂ ಇರಲಿಲ್ವಾ?’ ಅಂತ ತಿರುಗಿ ಕೇಳುವ ಬುದ್ಧಿ ಇದೆಯಲ್ಲ, ಅದು ಈ ಕೆಲಸದ ಬಂಡವಾಳ. ಎಷ್ಟೋ ಆಸ್ತಿ ಪಾಲಿನ ದಾವೆಗಳು ಬಿದ್ದುಹೋಗಿರುವುದು ಮದುವೆ ಮಾಡಿಕೊಟ್ಟ ಅತ್ತೆಯೊಬ್ಬರ ಹೆಸರು ಬಿಟ್ಟದ್ದಕ್ಕೆ.

ಇನ್ನೊಂದು, ದಿನ ಎಣಿಸುವ ಲೆಕ್ಕ. ಇದರಲ್ಲಿ ನನಗೆ ಪಾಠವಾಗಿದೆ, ಅದಕ್ಕೇ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಜೂನಿಯರ್ ಆಗಿದ್ದಾಗ ಒಂದು ಸಿವಿಲ್ ಅಪೀಲು. ಜಿಲ್ಲಾ ಕೋರ್ಟಿಗೆ ಅಪೀಲು ಹಾಕಲು 30 ದಿನ. ನಾನು ಕ್ಯಾಲೆಂಡರಿನಲ್ಲಿ ತೀರ್ಪಿನ ತಾರೀಕಿನಿಂದ ಎಣಿಸಿ, 41 ದಿನ ಆಗಿಹೋಯಿತು ಅಂತ ಹೆದರಿ, ತಡವನ್ನು ಮನ್ನಿಸಿ ಅಂತ ಅರ್ಜಿ, ಅದಕ್ಕೊಂದು ಅಫಿಡವಿಟ್, ಕಕ್ಷಿದಾರರಿಗೆ ಜ್ವರ ಅಂತ ಕಾರಣ, ಎಲ್ಲ ತಯಾರು ಮಾಡಿದ್ದೆ. ಆಫೀಸಿನ ಹಳೇ ಗುಮಾಸ್ತರು, ನಾವೆಲ್ಲ ಅಣ್ಣ ಅಂತಲೇ ಕರೆಯುತ್ತಿದ್ದೆವು, ತೀರ್ಪಿನ ದೃಢೀಕೃತ ನಕಲನ್ನು ತಿರುಗಿಸಿ ಹಿಂದಿನ ಸೀಲು ತೋರಿಸಿದರು. ನಕಲಿಗೆ ಅರ್ಜಿ ಕೊಟ್ಟ ದಿನ, ನಕಲು ತಯಾರಾದ ದಿನ, ಕೈಗೆ ಕೊಟ್ಟ ದಿನ, ಎಲ್ಲ ಆ ಸೀಲಿನಲ್ಲಿ ಇರುತ್ತೆ. ‘ನಕಲು ಸಿಗಲು ಹಿಡಿದ ದಿನ ಲೆಕ್ಕಕ್ಕೆ ಬರಲ್ಲ ಮೇಡಂ. ಕಳೆಯಿರಿ’ ಅಂದರು. ಕಳೆದೆ. 27 ದಿನ. ಅಪೀಲು ಅವಧಿಯೊಳಗೇ ಇತ್ತು. ಕಾಲಮಿತಿ ಕಾಯ್ದೆಯ 12ನೇ ಸೆಕ್ಷನ್ ನಾನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಸೀಲು ಎಲ್ಲಿರುತ್ತದೆ ಅಂತ ಕಾಲೇಜಿನಲ್ಲಿ ಯಾರೂ ತೋರಿಸಿರಲಿಲ್ಲ. ಇಲ್ಲದ ಜ್ವರಕ್ಕೆ ಪ್ರಮಾಣ ಮಾಡಿಸಲು ಹೊರಟಿದ್ದೆನಲ್ಲ ಅಂತ ಈಗಲೂ ನಾಚಿಕೆಯಾಗುತ್ತದೆ.

ಚೆಕ್ ಬೌನ್ಸ್ ಕೇಸು ನಿಮಗೆ ಗೊತ್ತೇ ಇದೆ, ನೋಟಿಸು ಟೈಪ್ ಮಾಡಿ ಮಾಡಿ ಬೆರಳು ಸವೆದಿರುತ್ತದೆ. ಅದರ ದಿನದ ಲೆಕ್ಕ ಹಾಕಿ ನೋಡಿದ್ದೀರಾ? ಚೆಕ್ ವಾಪಸ್ ಬಂತು ಅಂತ ಬ್ಯಾಂಕಿನ ಮೆಮೊ ಮಾರ್ಚ್ 4ರಂದು ಕೈಗೆ ಬಂತು ಅಂದುಕೊಳ್ಳಿ. ಅಲ್ಲಿಂದ 30 ದಿನದೊಳಗೆ, ಅಂದರೆ ಏಪ್ರಿಲ್ 3ರೊಳಗೆ ನೋಟಿಸು ಹೋಗಬೇಕು. ನೀವು ಬೇಗ ಕಳಿಸಿದಿರಿ, ಆ ಕಡೆಯವರಿಗೆ ಮಾರ್ಚ್ 10ರಂದು ತಲುಪಿತು. ಅವರಿಗೆ ದುಡ್ಡು ಕೊಡಲು 15 ದಿನ, ಅದು ಮಾರ್ಚ್ 25ಕ್ಕೆ ಮುಗಿಯುತ್ತದೆ. ಆಮೇಲೆ ಒಂದು ತಿಂಗಳೊಳಗೆ ಕೋರ್ಟಿಗೆ ದೂರು. ಏಪ್ರಿಲ್ 25ರೊಳಗೆ ಹಾಕಿಬಿಟ್ಟರೆ ನಿಶ್ಚಿಂತೆ. ಮಾರ್ಚ್ 20ಕ್ಕೇ ಆತುರಪಟ್ಟು ಹಾಕಿದರೆ ಅದೂ ತಪ್ಪು, ಅವರ 15 ದಿನ ಇನ್ನೂ ಮುಗಿದಿರುವುದಿಲ್ಲ. ಇಲ್ಲಿ ಆಧಾರ ನೋಟಿಸು ತಲುಪಿದ ತಾರೀಕು. ಹಾಗಾಗಿ ಅಂಚೆಯ ಸ್ವೀಕೃತಿ ಚೀಟಿಯನ್ನು ಫೈಲಿಗೆ ಹೊಲಿಯುವವರ ಕೈಯಲ್ಲೇ ಕೇಸು ಇರುತ್ತದೆ. ವಕೀಲರ ಕೈಯಲ್ಲಿ ನಲವತ್ತು ಕೇಸಿರುತ್ತದೆ, ಇದನ್ನು ನೆನಪು ಮಾಡುವವರು ಬೇಕು. ಅವರೇ ಪ್ಯಾರಾಲೀಗಲ್.

ಇದಲ್ಲದೆ ದಿನದ ಕೆಲಸ ಇದ್ದೇ ಇದೆ. ಬೆಳಿಗ್ಗೆ ಕೋರ್ಟುಗಳ ವೆಬ್‌ಸೈಟ್ ಇ-ಕೋರ್ಟ್ಸ್‌ನಲ್ಲಿ ಆ ದಿನದ ಕಾಸ್ ಲಿಸ್ಟ್ (ವಿಚಾರಣೆಗೆ ಬರುವ ಕೇಸುಗಳ ಪಟ್ಟಿ) ನೋಡುವುದು, ಪ್ರತಿ ಕೇಸಿಗೂ ಇರುವ 16 ಅಕ್ಷರ-ಅಂಕಿಯ ಸಿಎನ್‌ಆರ್ ನಂಬರ್ ಹಾಕಿ ವಾಯಿದೆ ಬರೆದುಕೊಳ್ಳುವುದು, ಸಮನ್ಸ್, ನೋಟಿಸು ಕಳಿಸುವ ಪ್ರೊಸೆಸ್ ಫೀ ಕಟ್ಟುವುದು, ನಕಲಿಗೆ ಅರ್ಜಿ, ಋಣಭಾರ ಪತ್ರ ತರುವುದು, ಸಾಕ್ಷಿಗೆ ಬರುವವರಿಗೆ ಫೋನ್ ಮಾಡುವುದು. ಇದರ ಅರ್ಧ ನೀವು ಈಗಲೇ ಮಾಡುತ್ತಿದ್ದೀರಿ.

ಹಾಗಾದರೆ ಡಿಗ್ರಿ ಯಾಕೆ ಅಂತ ಕೇಳುತ್ತೀರಿ. ಡಿಗ್ರಿ ಬೇಕೇ ಬೇಕು, ಆದರೆ ಪ್ಯಾರಾಲೀಗಲ್ ಆಗೋಕಲ್ಲ. ಪ್ಯಾರಾಲೀಗಲ್ ಆಗಿ ನಾಲ್ಕೈದು ವರ್ಷ ಆದಮೇಲೆ ನಿಮಗೇ ಒಂದು ದಿನ ಅನಿಸುತ್ತದೆ, ‘ಇಷ್ಟೆಲ್ಲ ನಾನೇ ಮಾಡ್ತೀನಿ, ಕರಿಕೋಟು ಹಾಕೋದು ಮಾತ್ರ ಬೇರೆಯವರು’ ಅಂತ. ಆ ದಿನಕ್ಕೆ ಬಾಗಿಲು ತೆರೆದಿರಲಿ ಅಂತ ಡಿಗ್ರಿ. ಮೂರು ವರ್ಷದ ಎಲ್‌ಎಲ್‌ಬಿಗೆ ಯಾವುದಾದರೂ ಪದವಿ ಸಾಕು. ಆದರೆ ಅಂಕ ಬೇಕು: ಸಾಮಾನ್ಯ ವರ್ಗಕ್ಕೆ 45 ಪರ್ಸೆಂಟ್, ಹಿಂದುಳಿದ ವರ್ಗಕ್ಕೆ 42, ಪರಿಶಿಷ್ಟರಿಗೆ 40. ಕೆಲಸದ ಜೊತೆ ದೂರಶಿಕ್ಷಣದಲ್ಲಿ ಓದುವವರು ಇಲ್ಲೇ ಎಡವುವುದು. ‘ಪಾಸಾದರೆ ಸಾಕಪ್ಪ’ ಅಂತ ಹೇಗೋ ದಾಟಿಸಿಬಿಡುತ್ತಾರೆ. ಕೈಯಲ್ಲಿ ಡಿಗ್ರಿ ಇರುತ್ತೆ, ಲಾ ಕಾಲೇಜು ಸೇರಿಸಿಕೊಳ್ಳುವುದಿಲ್ಲ. ಆಮೇಲೆ ಬಂದು ನನ್ನ ಮುಂದೆ ಕೂತು ‘ಏನಾದರೂ ಮಾಡಿ ಮೇಡಂ’ ಅಂದರೆ ನಾನೇನು ಮಾಡಲಿ?

ನೀವು ಪಿಯುಸಿ ಕ್ರಮವಾಗಿ ಮುಗಿಸಿದ್ದೀರಿ. ಅದು ದೊಡ್ಡ ಅನುಕೂಲ. ಪಿಯುಸಿ ಆದಮೇಲೆ ದೂರಶಿಕ್ಷಣದಲ್ಲಿ ಪಡೆದ ಪದವಿಯನ್ನು ಎಲ್‌ಎಲ್‌ಬಿಗೆ ಒಪ್ಪುತ್ತಾರೆ. ಕೆಳಗಿನ ಮೆಟ್ಟಿಲು ಹತ್ತದೆ ನೇರವಾಗಿ ಮುಕ್ತ ವಿಶ್ವವಿದ್ಯಾಲಯದಲ್ಲಿ ಪದವಿ ತೆಗೆದುಕೊಂಡವರಿಗೆ ಮಾತ್ರ ಬಾರ್ ಕೌನ್ಸಿಲ್ ನಿಯಮ ಅಡ್ಡಬರುತ್ತದೆ. ಹಾಗಾಗಿ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಲ್ಲೋ ಇಗ್ನೋದಲ್ಲೋ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ) ಬಿ.ಕಾಂ. ಸೇರಿ. ಬಿ.ಎ. ಸುಲಭ ಅಂತ ಯಾರಾದರೂ ಹೇಳುತ್ತಾರೆ. ನಿಮ್ಮದು ಕಾಮರ್ಸ್, ನಮ್ಮ ಜಿಲ್ಲೆಯದು ತೋಟದ ವ್ಯವಹಾರ. ಪಾಲುದಾರಿಕೆ ಪತ್ರ, ತೋಟದ ಲೆಕ್ಕ, ಕಾರ್ಮಿಕರ ಪಿಎಫ್, ಬ್ಯಾಂಕಿನ ಸಾಲದ ಸ್ಟೇಟ್‌ಮೆಂಟು, ಇವನ್ನು ಓದಲು ಬರುವ ಪ್ಯಾರಾಲೀಗಲ್‌ಗೆ ಬೆಲೆ ಜಾಸ್ತಿ. ಮನೆಯಲ್ಲಿ ಒಪ್ಪಿ, ದಿನಾ ಕ್ಲಾಸಿಗೆ ಹೋಗುವ ಹಾಗಿದ್ದರೆ ಕಥೆ ಬೇರೆ. 2023ರಿಂದ ನಮಗೆ ನಮ್ಮದೇ ಕೊಡಗು ವಿಶ್ವವಿದ್ಯಾಲಯ ಇದೆ, ಚಿಕ್ಕಅಳುವಾರದಲ್ಲಿ. ವಿರಾಜಪೇಟೆ, ಗೋಣಿಕೊಪ್ಪ, ಮಡಿಕೇರಿಯಲ್ಲಿ ಪದವಿ ಕಾಲೇಜುಗಳಿವೆ. ಆದರೆ ಅಂಗಡಿಯ ಕೆಲಸ ಬಿಡಬೇಕಾಗುತ್ತದೆ. ನಾನಾಗಿದ್ದರೆ ಬಿಡುತ್ತಿರಲಿಲ್ಲ.

ಕಾನೂನಿನ ರುಚಿ ಬೇಕೇ ಬೇಕು ಅನಿಸಿದರೆ ಇಗ್ನೋದಲ್ಲಿ ಪ್ಯಾರಾಲೀಗಲ್ ಪ್ರಾಕ್ಟೀಸ್ ಅಂತ ಒಂದು ಡಿಪ್ಲೊಮಾ ಇದೆ. ಪಿಯುಸಿ ಆದವರು ಸೇರಬಹುದು. ಅದನ್ನು ಕೆಲಸ ಕೊಡಿಸುವ ಕಾಗದ ಅಂತ ನೋಡಬೇಡಿ. ಓದುವ ಪುಸ್ತಕ ಸಿಗುತ್ತದೆ, ಅಷ್ಟಕ್ಕೆ ಒಳ್ಳೆಯದು. ಡಿಗ್ರಿಯ ಮೊದಲ ವರ್ಷ ಮುಗಿಯುವವರೆಗೆ ತಡೆದುಕೊಳ್ಳಿ. ಎರಡು ದೋಣಿಯಲ್ಲಿ ಕಾಲಿಟ್ಟು ಎರಡರಲ್ಲೂ 45 ತಪ್ಪಿಸಿಕೊಂಡವರನ್ನು ಕಂಡಿದ್ದೇನೆ.

ಎಲ್‌ಎಲ್‌ಬಿ ಮಾತ್ರ ದೂರಶಿಕ್ಷಣದಲ್ಲಿ ನಡೆಯುವುದಿಲ್ಲ. ಮನೆಯಲ್ಲೇ ಕೂತು ಎಲ್‌ಎಲ್‌ಬಿ ಅಂತ ಯಾರಾದರೂ ಮಾರಿದರೆ ಆ ಪದವಿ ಹಿಡಿದು ವಕೀಲರಾಗಲು ಆಗುವುದಿಲ್ಲ. ಕಾಲೇಜಿಗೆ ಹೋಗಬೇಕು, ಬಾರ್ ಕೌನ್ಸಿಲ್ ನಿಯಮದಲ್ಲಿ 70 ಪರ್ಸೆಂಟ್ ಹಾಜರಿ ಇದೆ. ನಮ್ಮವರು ಸಾಮಾನ್ಯವಾಗಿ ಹೋಗುವುದು ಸುಳ್ಯಕ್ಕೆ, ಪುತ್ತೂರಿಗೆ, ಇಲ್ಲ ಮೈಸೂರಿಗೆ. ಇವೆಲ್ಲ ಹುಬ್ಬಳ್ಳಿಯಲ್ಲಿರುವ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಕೆಳಗೆ ಬರುತ್ತವೆ. ಮಡಿಕೇರಿಯಿಂದ ಸುಳ್ಯಕ್ಕೆ ಸಂಪಾಜೆ ಘಾಟಿ ಇಳಿದು ಹೋಗಿ ಬರುವ ಮಕ್ಕಳಿದ್ದಾರೆ. ಜುಲೈ, ಆಗಸ್ಟಿನಲ್ಲಿ ರಸ್ತೆಗೆ ಮಣ್ಣು ಬಿದ್ದರೆ ಅವರ ಹಾಜರಿಗೂ ಮಣ್ಣು. ವಿರಾಜಪೇಟೆಯಿಂದ ದಿನಾ ಓಡಾಡುವ ಮಾತೇ ಇಲ್ಲ. ಆ ಮೂರು ವರ್ಷ ಮೈಸೂರಿನಲ್ಲಿ ರೂಮು ಮಾಡಬೇಕಾಗುತ್ತದೆ, ಮಗು ಇದ್ದರೆ ಅದರ ಸ್ಕೂಲು, ಮನೆಯವರ ಕೆಲಸ ಎಲ್ಲ ಯೋಚಿಸಬೇಕು. ಇದನ್ನು ಇವತ್ತೇ ತೀರ್ಮಾನ ಮಾಡಬೇಕಾಗಿಲ್ಲ. ಬಿ.ಕಾಂ. ಮುಗಿಯಲು ಇನ್ನೂ ಮೂರು ವರ್ಷ ಇದೆ. ನಲವತ್ತು ದಾಟಿದವರು ಎಲ್‌ಎಲ್‌ಬಿ ಓದುವುದನ್ನು ನೋಡಿದ್ದೇನೆ, ಮೊದಲ ಬೆಂಚಿನಲ್ಲಿ ಕೂರುವವರು ಅವರೇ.

ಒಂದು ವಿಷಯ ಮುಂಚೆಯೇ ಗೊತ್ತಿರಲಿ. ವಕೀಲರಾಗಿ ನೋಂದಣಿ ಆದಮೇಲೆ ಪೂರ್ಣಾವಧಿ ಸಂಬಳದ ನೌಕರಿಯಲ್ಲಿ ಇರುವ ಹಾಗಿಲ್ಲ. ಪ್ಯಾರಾಲೀಗಲ್ ಸಂಬಳ ನಿಂತು ಜೂನಿಯರ್ ವಕೀಲರ ಬರಿಗೈ ದಿನ ಶುರುವಾಗುತ್ತದೆ. ನೋಂದಣಿ ಶುಲ್ಕದ ಹೊರೆ ಮಾತ್ರ ಈಗ ಇಳಿದಿದೆ. ಸಾವಿರಗಟ್ಟಲೆ ಕೀಳುತ್ತಿದ್ದ ಕಾಲ ಇತ್ತು. 2024ರ ಜುಲೈ 30ರಂದು ಸುಪ್ರೀಂ ಕೋರ್ಟ್, ವಕೀಲರ ಕಾಯ್ದೆಯಲ್ಲಿ ಇರುವಷ್ಟೇ ತೆಗೆದುಕೊಳ್ಳಿ ಅಂದಿತು: ಸಾಮಾನ್ಯ ವರ್ಗಕ್ಕೆ 750 ರೂಪಾಯಿ, ಪರಿಶಿಷ್ಟರಿಗೆ 125.

ಇನ್ನು ಎಚ್ಚರಿಕೆ ಹೇಳಲೇಬೇಕಾದ ಜಾಗ. 1961ರ ವಕೀಲರ ಕಾಯ್ದೆ ಪ್ರಕಾರ ಕೋರ್ಟಿನಲ್ಲಿ ವಾದ ಮಾಡುವುದು, ವಕೀಲಿ ಮಾಡುವುದು ವಕೀಲರ ಹಕ್ಕು. ಅರ್ಹತೆ ಇಲ್ಲದೆ ಮಾಡಿದರೆ ಆರು ತಿಂಗಳವರೆಗೆ ಜೈಲಿದೆ, 45ನೇ ಸೆಕ್ಷನ್. ಪ್ಯಾರಾಲೀಗಲ್ ಆದವರು ಕರಡು ಬರೆಯಬಹುದು, ವಕೀಲರು ನೋಡಿ ಸಹಿ ಮಾಡಬೇಕು. ನಿಮ್ಮಂಥ ಅಂಗಡಿಯಲ್ಲಿ ಈ ಗೆರೆ ಬಹಳ ತೆಳು. ಜನ ಬರುತ್ತಾರೆ, ‘ಅಕ್ಕಾ, ವಕೀಲರ ಹತ್ರ ಹೋದ್ರೆ ದುಡ್ಡು ಕೇಳ್ತಾರೆ, ನೀನೇ ಏನಾದ್ರೂ ಬರೆದುಕೊಡು’ ಅಂತಾರೆ. ಅವರು ಹೇಳಿದ್ದನ್ನು ಟೈಪ್ ಮಾಡಿದರೆ ಅದು ಟೈಪಿಂಗ್. ‘ಈ ಸೆಕ್ಷನ್ ಹಾಕೋಣ, ಗೆದ್ದೇ ಗೆಲ್ತೀರಿ’ ಅಂತ ದುಡ್ಡು ತಗೊಂಡರೆ ಅದು ಬೇರೆ. ಅಂಥವರನ್ನು ಕಾನೂನು ಸೇವಾ ಸಮಿತಿಗೆ ಕಳಿಸಿ. ಅವರಿಗೂ ಒಳ್ಳೆಯದು, ನಿಮಗೂ.

ಬಾಯಿ ಕಟ್ಟಿಕೊಳ್ಳುವುದೂ ಕೆಲಸವೇ. ಕಕ್ಷಿದಾರರು ವಕೀಲರಿಗೆ ಹೇಳಿದ ಮಾತು ಗುಟ್ಟು, ಅದು ಗುಮಾಸ್ತರಿಗೂ ಅನ್ವಯ ಅಂತ ಹೊಸ ಸಾಕ್ಷ್ಯ ಅಧಿನಿಯಮದ 132ನೇ ಸೆಕ್ಷನ್ ಹೇಳುತ್ತದೆ. ಕೊಡಗಿನಲ್ಲಿ ಇದು ಎಷ್ಟು ಕಷ್ಟ ಅಂತ ನಿಮಗೆ ಗೊತ್ತು. ಎಲ್ಲರೂ ಎಲ್ಲರಿಗೂ ನೆಂಟರು. ಗಂಡ ಹೆಂಡತಿ ಕೇಸಿನ ಅರ್ಜಿ ಬೆಳಿಗ್ಗೆ ಟೈಪ್ ಆದರೆ, ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ ಸಂಜೆಗೆ ಸುದ್ದಿ. ನಾನು ಆಫೀಸಿಗೆ ಯಾರನ್ನಾದರೂ ಸೇರಿಸಿಕೊಳ್ಳುವಾಗ ಅಂಕಪಟ್ಟಿ ಆಮೇಲೆ ನೋಡುತ್ತೇನೆ. ಮೊದಲು ‘ಹಿಂದೆ ಕೆಲಸ ಮಾಡಿದ ಕಡೆ ಯಾವ ದೊಡ್ಡ ಕೇಸಿತ್ತು?’ ಅಂತ ಸುಮ್ನೆ ಕೇಳುತ್ತೇನೆ. ಹೆಸರು ಸಮೇತ ಹೇಳಲು ಶುರು ಮಾಡಿದವರಿಗೆ ಕಾಫಿ ಕೊಟ್ಟು ಕಳಿಸುತ್ತೇನೆ.

ಈ ತಿಂಗಳು ಏನು ಮಾಡಬೇಕು ಅಂದರೆ, ನಿಮ್ಮ ಅಂಗಡಿಗೆ ಬರುವ ವಕೀಲರಲ್ಲಿ ಒಬ್ಬರನ್ನು ಆರಿಸಿ. ಅತಿ ದೊಡ್ಡ ಹೆಸರಿನವರು ಬೇಡ. ಕರಡನ್ನು ತಿದ್ದಿ ತಿದ್ದಿ ಮೂರು ಸಲ ಟೈಪ್ ಮಾಡಿಸಿ ನಿಮಗೆ ಸಿಟ್ಟು ಬರಿಸುತ್ತಾರಲ್ಲ, ಅವರೇ ಸರಿ. ಅವರು ಕಲಿಸುತ್ತಾರೆ. ದಿನಕ್ಕೆ ಎರಡು ಗಂಟೆ ಆಫೀಸಿನಲ್ಲಿ ಕೂರುತ್ತೇನೆ, ಫೈಲು ಕಲಿಸಿ ಅಂತ ಕೇಳಿ. ಮೊದಲ ಮೂರು ತಿಂಗಳು ದುಡ್ಡಿನ ಮಾತು ಎತ್ತದಿದ್ದರೂ ಪರವಾಗಿಲ್ಲ, ನಾಲ್ಕನೇ ತಿಂಗಳು ಖಂಡಿತ ಎತ್ತಿ. ಹೆಂಗಸರು ಇಲ್ಲೇ ಸಂಕೋಚ ಮಾಡುವುದು. ಜೊತೆಗೆ ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ವಾಲಂಟಿಯರ್ ಅರ್ಜಿ ಯಾವಾಗ ಕರೆಯುತ್ತಾರೆ ಅಂತ ವಿಚಾರಿಸಿ. ನಾಗರಹೊಳೆ ಅಂಚಿನ ಆದಿವಾಸಿ ಹಾಡಿಗಳಲ್ಲಿ 2006ರ ಅರಣ್ಯ ಹಕ್ಕು ಕಾಯ್ದೆಯ ನಮೂನೆ ‘ಎ’ (ಜಮೀನಿನ ಹಕ್ಕು ಕೇಳುವ ಅರ್ಜಿ) ತುಂಬಿಸುವ ಕೆಲಸಕ್ಕೆ ಕರೆದುಕೊಂಡು ಹೋದರೆ ತಪ್ಪಿಸಬೇಡಿ. ಒಂದು ಹಾಡಿಯಲ್ಲಿ ಒಂದು ದಿನ ಕೂತು ‘2005ರ ಡಿಸೆಂಬರ್ 13ಕ್ಕಿಂತ ಮುಂಚಿನಿಂದ ನೀವು ಇಲ್ಲಿದ್ದದ್ದಕ್ಕೆ ಏನು ಗುರುತು?’ ಅಂತ ಕೇಳಿ ಬರೆದುಕೊಂಡರೆ, ಸಾಕ್ಷ್ಯ ಅಂದರೇನು ಅಂತ ಯಾರೂ ಬೇರೆಯಾಗಿ ಪಾಠ ಮಾಡಬೇಕಾಗಿಲ್ಲ. ಟೈಪಿಂಗ್ ಅನ್ನು ಕೈಬಿಡಬೇಡಿ. ಕನ್ನಡ ಸೀನಿಯರ್ ಪರೀಕ್ಷೆ ಕಟ್ಟದಿದ್ದರೆ ಕಟ್ಟಿ. ಕೋರ್ಟಿನ ಟೈಪಿಸ್ಟ್ ಹುದ್ದೆ ಕರೆದಾಗ ಅದೂ ಒಂದು ದಾರಿ.

ಕೊನೆಗೆ, ಬಿ.ಕಾಂ. ಅರ್ಜಿ ಹಾಕುವ ಮುಂಚೆ ನಿಮ್ಮ ಎಸ್‌ಎಸ್‌ಎಲ್‌ಸಿ, ಪಿಯುಸಿ ಅಂಕಪಟ್ಟಿ ಮತ್ತು ಆಧಾರ್ ಮೂರನ್ನೂ ಒಂದರ ಪಕ್ಕ ಒಂದು ಇಟ್ಟು ಹೆಸರು ನೋಡಿ. ಇದು ನಮ್ಮ ಊರಿನ ದೊಡ್ಡ ತಲೆನೋವು. ಒಂದರಲ್ಲಿ ತವರಿನ ಮನೆತನದ ಹೆಸರು ಪೂರ್ತಿ ಇರುತ್ತದೆ, ಇನ್ನೊಂದರಲ್ಲಿ ಬರೀ ಇನಿಷಿಯಲ್, ಆಧಾರ್‌ನಲ್ಲಿ ಗಂಡನ ಮನೆತನದ ಹೆಸರು. ಈಗ ಸುಮ್ಮನಿದ್ದುಬಿಟ್ಟರೆ ಡಿಗ್ರಿ ಸರ್ಟಿಫಿಕೇಟಿನಲ್ಲಿ ನಾಲ್ಕನೇ ಹೆಸರು ಬರುತ್ತದೆ. ಆರೇಳು ವರ್ಷ ಆದಮೇಲೆ ವಕೀಲರ ನೋಂದಣಿಗೆ ಹೋದಾಗ ನಾಲ್ಕೂ ಒಬ್ಬರೇ ಅಂತ ತೋರಿಸುವ ಕೆಲಸ ನಿಮ್ಮ ತಲೆಗೆ ಬೀಳುತ್ತದೆ. ಈಗಲೇ ಸರಿಮಾಡಿಸಿ. ಅದಕ್ಕೆ ಬೇಕಾದ ಅಫಿಡವಿಟ್ ಹೇಗಿರಬೇಕು ಅಂತ ಏಳು ವರ್ಷದಿಂದ ಟೈಪ್ ಮಾಡುತ್ತಿರುವ ನಿಮಗೆ ನಾನು ಹೇಳಿಕೊಡಬೇಕಾ?